ಗಲ್ಲದಪ್ಪನ ಸ್ಟಾಪ್

ನಿದ್ದೆಯ ಮಹತ್ವದ ಬಗ್ಗೆ ಉಪನ್ಯಾಸ ಕೊಡಲು ಬರುವ ಸಾಹೇಬರನ್ನು ಯಾದಗಿರಿ ಸ್ಟೇಷನ್ನಿನಿಂದ ಕರೆತರಲು, ಕ್ರೂಸರಿನ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ ಡ್ರೈವರ್ ಚಾಚಾನನ್ನು ಎಬ್ಬಿಸಿ ಕಳಿಸಿದರು. ಈ ವಾಕ್ಯವನ್ನು ನಾನು ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಹೇಳಿ ಹೇಳಿ ಅದು ಎಷ್ಟು ನುಣುಪಾಗಿದೆಯೆಂದರೆ ಈಗ ನನಗೇ ಅದರ ಮೇಲೆ ಅನುಮಾನ. ಬದುಕು ಇಷ್ಟು ಅಚ್ಚುಕಟ್ಟಾಗಿ ಗೇಲಿ ಮಾಡುವುದಿಲ್ಲ. ಆದರೆ ನಮ್ಮ ಕಾರ್ಖಾನೆ ಮಾಡುತ್ತಿತ್ತು, ಅದೂ ಪಗಾರ ಕೊಟ್ಟು.

ಕಾರ್ಖಾನೆ ಇದ್ದದ್ದು ಯಾದಗಿರಿಯ ಆಚೆ, ಹಿಂದೆ ತೊಗರಿ ಬೆಳೆಯುತ್ತಿದ್ದ ಬಯಲಿನಲ್ಲಿ. ಅಲ್ಲಿ ಏನು ತಯಾರಾಗುತ್ತದೆಂದು ನಮಗೂ ಪೂರ್ತಿ ಗೊತ್ತಿರಲಿಲ್ಲ. ಬಿಳಿ ಪುಡಿ ಬರುತ್ತಿತ್ತು, ಡ್ರಮ್ಮಿಗೆ ತುಂಬುತ್ತಿದ್ದೆವು, ಲಾರಿ ಬಂದು ಒಯ್ಯುತ್ತಿತ್ತು. ನಾನು ಸ್ಟೋರಿನಲ್ಲಿದ್ದೆ. ಮೊದಲ ಪಾಳಿಯವರಿಗಾಗಿ ಕಂಪನಿಯ ಕ್ರೂಸರ್ ಜೀಪು ಕೋಳಿ ಕೂಗುವ ಮುಂಚೆ ಸುರಪುರ ಬಿಡುತ್ತಿತ್ತು. ಶಹಾಪುರದಲ್ಲಿ ಉಳಿದವರನ್ನು ತುಂಬಿಕೊಂಡು, ಭೀಮಾ ಸೇತುವೆ ದಾಟಿ, ಯಾದಗಿರಿ ಊರನ್ನು ಬಳಸಿಕೊಂಡು ಹೋಗಿ ನಮ್ಮನ್ನು ಗೇಟಿನ ಮುಂದೆ ಚೆಲ್ಲುತ್ತಿತ್ತು. ಮಧ್ಯಾಹ್ನ ಪಾಳಿ ಮುಗಿದ ಮೇಲೆ ಅದೇ ಹಾದಿಯಲ್ಲಿ ವಾಪಸ್, ಸೂರ್ಯನನ್ನು ನೇರವಾಗಿ ಮುಖಕ್ಕೆ ಇಟ್ಟುಕೊಂಡು.

ಸ್ಟೀರಿಂಗಿನಲ್ಲಿ ಚಾಚಾ. ಸುರಪುರದವನು, ಅರವತ್ತರ ಹತ್ತಿರ. ಲಾರಿ, ಟ್ರ್ಯಾಕ್ಟರ್, ಶಾಲೆಯ ವ್ಯಾನು ಎಲ್ಲ ಓಡಿಸಿ ಕೊನೆಗೆ ಈ ಕ್ರೂಸರಿಗೆ ಬಂದಿದ್ದ. ಬಿಸಿಲಿಗೆ ಹಾಕಿಕೊಳ್ಳುವ ಕಪ್ಪು ಕನ್ನಡಕವೊಂದಿತ್ತು. ಅದರಲ್ಲಿ ಅವನು ನಿವೃತ್ತ ಪೊಲೀಸನಂತೆ ಕಾಣುತ್ತಿದ್ದ. ನಮ್ಮನ್ನು ಇಳಿಸಿದ ಮೇಲೆ ಮಧ್ಯಾಹ್ನದವರೆಗೆ ಅವನಿಗೆ ವಿಶ್ರಾಂತಿ ಎಂದು ಕಂಪನಿಯ ನಿಯಮ. ಆ ವಿಶ್ರಾಂತಿಯಲ್ಲಿ ಅವನು ಗಾಡಿ ತೊಳೆಯುತ್ತಿದ್ದ, ಊರಿಗೆ ಹೋಗಿ ಮೇಲಿನವರ ಊಟದ ಡಬ್ಬಿ ತರುತ್ತಿದ್ದ, ರಾಯಚೂರಿನಿಂದ ರೈಲಿನಲ್ಲಿ ಬರುವ ಹೊಸ ಸೇಫ್ಟಿ ಸಾಹೇಬರನ್ನು ದಿನವೂ ಸ್ಟೇಷನ್ನಿಗೆ ಹೋಗಿ ಕರೆತರುತ್ತಿದ್ದ. ಉಳಿದ ಹೊತ್ತಿನಲ್ಲಿ ದಣಿವಾರಿಸಿಕೊಳ್ಳಲು ಯಾರ ಅಡ್ಡಿಯೂ ಇರಲಿಲ್ಲ, ಉಳಿದ ಹೊತ್ತೇ ಇರಲಿಲ್ಲ ಎನ್ನುವುದೊಂದನ್ನು ಬಿಟ್ಟರೆ.

ಒಮ್ಮೆ ಸ್ಟೇಷನ್ನಿನಿಂದ ಬರುವಾಗ ಸಾಹೇಬರು, "ಸ್ವಲ್ಪ ಜೋರಾಗಿ ಹೊಡೀರಿ, ಮೀಟಿಂಗಿಗೆ ಲೇಟಾಗ್ತಿದೆ" ಅಂದರಂತೆ. ಯಾವ ಮೀಟಿಂಗ್ ಸಾಹೇಬ್ ಅಂತ ಚಾಚಾ ಕೇಳಿದನಂತೆ. ವೇಗ ಮಿತಿಯ ಮೀಟಿಂಗ್.

ಇಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ಹೇಳಲೇಬೇಕು, ಎಲ್ಲ ಅನಾಹುತ ಅದರಿಂದಲೇ ಆಯಿತು. ಗಾಡಿ ಹತ್ತಿದವರಿಗೆ ದೇವರು ಕಂಡರೆ ಕೈ ಸುಮ್ಮನಿರುವುದಿಲ್ಲ. ಹಣಮಪ್ಪನ ಗುಡಿ ಬಂತು, ಹಣೆ ಮುಟ್ಟಿ ಎದೆ ಮುಟ್ಟಿ. ದರ್ಗಾ ಬಂತು, ಅದಕ್ಕೂ ಅಷ್ಟೇ. ಭೀಮಾ ಹೊಳೆ ಬಂತು, ಮತ್ತೆ ಕೈ ಮೇಲಕ್ಕೆ. ಯಾರ ದೇವರು ಯಾರದು ಎಂದು ನೋಡುವಷ್ಟು ಪುರುಸೊತ್ತು ಗಾಡಿಯ ವೇಗ ಕೊಡುವುದಿಲ್ಲ. ಕ್ರೂಸರಿನ ಜನವೆಲ್ಲ ಒಟ್ಟಿಗೆ ಕೈ ಎತ್ತಿ ಇಳಿಸುವುದನ್ನು ಹೊರಗಿನಿಂದ ನೋಡಿದವರಿಗೆ ಕವಾಯತು ನಡೆದಿದೆ ಅನ್ನಿಸಬೇಕು. ಚಾಚಾ ಎಲ್ಲ ದೇವರಿಗೂ ಮೊದಲು ಒಂದು ಹಾರ್ನ್ ಹೊಡೆದು, ಆಮೇಲೆ ಎರಡೂ ಕೈ ಎತ್ತುತ್ತಿದ್ದ. ಅಷ್ಟು ಹೊತ್ತು ಗಾಡಿಯನ್ನು ಆ ದೇವರೇ ಓಡಿಸುತ್ತಿದ್ದ ಎಂದು ತಿಳಿಯಬೇಕು.

ಆದರೆ ಗುಡಿಯೂ ಇಲ್ಲದ, ದರ್ಗಾವೂ ಇಲ್ಲದ ಒಂದು ಜಾಗವಿತ್ತು. ವಾಪಸ್ ಬರುವಾಗ, ಭೀಮಾ ದಾಟಿದ ಮೇಲೆ, ಶಹಾಪುರದ ಬೆಟ್ಟ ಕಾಣುವ ಮುಂಚೆ. ರಸ್ತೆ ಅಗಲ ಮಾಡಿದಾಗ ಕಿತ್ತು ಎಸೆಯಲು ಮರೆತ ಹಳೆಯ ಕಿಲೋಮೀಟರ್ ಕಲ್ಲು, ಅದರ ಮೇಲೆ ಬೇವಿನ ಗಿಡ. ಬೇವು ಎಂದು ಬರೆದೆ, ಜಾಲಿಯೂ ಇರಬಹುದು. ಜಾಲಿಯ ಕೆಳಗೆ ಇಷ್ಟು ಜನರನ್ನು ಕೂರಿಸುವುದು ಕಷ್ಟ, ಮುಂದೆ ಕೂರಿಸಬೇಕಾಗಿದೆ. ಆದ್ದರಿಂದ ಬೇವೇ ಇರಲಿ. ನೆನಪು ಇಂಡಿಕೇಟರ್ ಹಾಕದೆ ತಿರುಗುವ ಗಾಡಿ. ಹಿಂದೆ ಬರುವವರು ಹುಷಾರಾಗಿರಬೇಕು.

ಅಲ್ಲಿಗೆ ಬಂದ ಕೂಡಲೇ ಚಾಚಾ ಹಾರ್ನ್ ಹೊಡೆಯುತ್ತಿರಲಿಲ್ಲ. ಎರಡೂ ಕೈಯಿಂದ ಎರಡೂ ಗಲ್ಲಕ್ಕೆ ಪಟಪಟ ಬಡಿದುಕೊಂಡು, "ಯಾ ಮಾಲಿಕ್!" ಎಂದು ಗಟ್ಟಿಯಾಗಿ ಕೂಗುತ್ತಿದ್ದ. ಹಿಂದೆ ಒಬ್ಬರ ಭುಜದ ಮೇಲೊಬ್ಬರು ಒರಗಿ ನಿದ್ದೆ ಹೋಗಿರುತ್ತಿದ್ದ ನಾವು ಆ ಸದ್ದಿಗೆ ಎಚ್ಚರಾಗುತ್ತಿದ್ದೆವು. ಅವನು ಬಡಿದುಕೊಳ್ಳುವುದನ್ನು ಕಣ್ಣಾರೆ ಮೊದಲು ನೋಡಿದವಳು ವನದುರ್ಗದ ಅಕ್ಕ. ಪ್ಯಾಕಿಂಗಿನವಳು. ಹಿಂದೆ ಕೂತರೆ ಹೊಟ್ಟೆ ತೊಳಸುತ್ತದೆಂದು ದಿನವೂ ಚಾಚಾನ ಪಕ್ಕದ ಸೀಟು ಅವಳದು. ನಾಲಿಗೆಗೆ ಬ್ರೇಕ್ ಇರಲಿಲ್ಲ.

"ಎಲ್ಲಾ ದೇವರಿಗೂ ಕೈ ಮುಗಿತಾನ, ಈ ಜಾಗಾಕ್ಕ ಮಾತ್ರ ಗಲ್ಲ ಬಡ್ಕೋತಾನ. ಸಾದಾ ಜಾಗ ಅಲ್ಲ ಇದು," ಅಂದಳು ಅಕ್ಕ.

"ಯಾವರೆ ಶರಣರು ಐಕ್ಯ ಆಗಿರಬೇಕು," ಅಂದ ಡ್ರಮ್ ಎತ್ತುವ ದೇವಾಪುರದ ಗಡಿಗೆಹೊಟ್ಟೆಯವನು. ಅವನು ಬೈಕಿನ ಮೇಲೆ ಸುರಪುರದವರೆಗೆ ಬಂದು ಕ್ರೂಸರ್ ಹತ್ತುತ್ತಿದ್ದ. ದೇವರ ವಿಷಯದಲ್ಲಿ ಅವನಷ್ಟು ಬೇಗ ತೀರ್ಮಾನಕ್ಕೆ ಬರುವವರನ್ನು ನಾನು ನೋಡಿಲ್ಲ.

"ಅಥವಾ ತಿಂಥಣಿ ಮೋನಪ್ಪಯ್ಯ ಈ ಹಾದೀಲೆ ಹೋಗಬೇಕಾದ್ರ ಇಲ್ಲಿ ದಣಿವಾರಿಸ್ಕೊಂಡಿರಬೇಕು," ಎಂದು ಹಿಂದಿನಿಂದ ಇನ್ನೊಬ್ಬರು ಆ ಸಂತನನ್ನೂ ಸೇರಿಸಿದರು.

"ಚಾಚಾನ್ನ ಕೇಳು," ಅಂದ ದೇವಾಪುರದವನು ಅಕ್ಕನಿಗೆ.

ಅವಳು ಕೇಳಿದರೆ ಚಾಚಾ, "ಇರಲಿ ಬಿಡ ಬೇಟಿ" ಎಂದು ಕನ್ನಡಕ ಸರಿಮಾಡಿಕೊಂಡ. ನಮ್ಮಲ್ಲಿ ಮಹಿಮೆ ಹುಟ್ಟುವುದಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ದೊಡ್ಡವರು ಉತ್ತರ ಕೊಡದಿದ್ದರೆ ಸಾಕು.

ನಾನು ಇವರಿಗಿಂತ ಬುದ್ಧಿವಂತನಾದ್ದರಿಂದ ನನ್ನ ವಿವರಣೆ ಬೇರೆ ಇತ್ತು. ಗಲ್ಲ ಬಡಿದುಕೊಂಡರೆ ಮುಖಕ್ಕೆ ರಕ್ತ ಚೆನ್ನಾಗಿ ಹರಿಯುತ್ತದೆ, ಹಳೆಯ ಕಾಲದ ವ್ಯಾಯಾಮವಿರಬೇಕು ಎಂದುಕೊಂಡು ಮತ್ತೆ ನಿದ್ದೆ ಹೋದೆ.

ಕೆಲವು ವಾರಗಳಲ್ಲಿ ಇಡೀ ಕ್ರೂಸರ್ ಅಲ್ಲಿ ಗಲ್ಲ ಬಡಿದುಕೊಳ್ಳತೊಡಗಿತು. ದೇವಾಪುರದವನು ಒಂದು ರಜೆಯ ದಿನ ಬೈಕಿನ ಮೇಲೆ ಹೋಗಿ ಕಲ್ಲಿಗೆ ಕುಂಕುಮ ಹಚ್ಚಿ ಬಂದ. ಯಾರೋ ಅದರ ಮೇಲೆ ಹಸಿರು ಬಟ್ಟೆ ಹೊದಿಸಿದರು. ಯಾರ ದೇವರೆಂದು ಇನ್ನೂ ಇತ್ಯರ್ಥವಾಗಿರಲಿಲ್ಲವಲ್ಲ, ಎರಡೂ ಇರಲಿ ಎಂದು. ಪಗಾರವಾದ ದಿನ ಕಾಯಿ ಒಡೆಯಿತು. ಹೆಸರು ತಾನಾಗಿ ಬಂತು, ಗಲ್ಲದಪ್ಪ. ಆಮೇಲೆ ಟಂಟಂ ಆಟೋಗಳು, ಹತ್ತಿ ತುಂಬಿದ ಟ್ರ್ಯಾಕ್ಟರುಗಳು, ಕೊನೆಗೆ ಆಂಧ್ರದ ಲಾರಿಗಳೂ ಅಲ್ಲಿ ವೇಗ ತಗ್ಗಿಸತೊಡಗಿದವು. ಆ ರಸ್ತೆಗೆ ಎಷ್ಟೋ ಹಂಪು ಹಾಕಿದ್ದರು, ಎಷ್ಟೋ ಬೋರ್ಡು ನೆಟ್ಟಿದ್ದರು. ಒಂದಕ್ಕೂ ಯಾರೂ ಮರ್ಯಾದೆ ಕೊಟ್ಟಿರಲಿಲ್ಲ. ಅಳಿಸಿಹೋದ ಅಂಕಿಗಳ ಒಂದು ಕಲ್ಲಿಗೆ ಕುಂಕುಮ ಬಿದ್ದದ್ದೇ ಎಲ್ಲರೂ ಕಾನೂನಿಗೆ ತಲೆಬಾಗಿದರು.

ಸೇಫ್ಟಿ ಸಾಹೇಬರ ಉಪನ್ಯಾಸ ನಡೆದದ್ದು ಇದಾದ ಮೇಲೋ ಮೊದಲೋ, ನನಗೆ ಖಚಿತವಿಲ್ಲ. ಮೇಲೆ ಎಂದು ಇಟ್ಟುಕೊಂಡರೆ ಕಥೆ ಸರಿಹೋಗುತ್ತದೆ, ಅದಕ್ಕೇ ಅನುಮಾನ. ಕ್ಯಾಂಟೀನಿನ ಟೇಬಲ್ಲುಗಳನ್ನು ಸರಿಸಿ, ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಕೆಲಸಗಾರರ ಸುರಕ್ಷಿತ ಚಾಲನೆ ಎಂಬ ವಿಷಯದ ಮೇಲೆ ಚಿತ್ರ ತೋರಿಸಿದರು.

"ಗಾಡಿ ಹತ್ತಿದ ತಕ್ಷಣ ಎಲ್ಲರೂ ಸೀಟ್ ಬೆಲ್ಟ್ ಹಾಕಿಕೊಳ್ಳಬೇಕು," ಅಂದರು ಸಾಹೇಬರು.

"ಸಾಹೇಬ್ರ, ಹಿಂದಿನ ಸೀಟಿಗೆ ಬೆಲ್ಟ್ ಇಲ್ರಿ," ಅಂದ ದೇವಾಪುರದವನು.

ಸಾಹೇಬರು ಮುಂದಿನ ಚಿತ್ರ ತೋರಿಸಿದರು.

"ಮನಸಿನ್ಯಾಗ ಹಾಕ್ಕೋ ಅಂತ ಅದರರ್ಥ," ಎಂದು ಅಕ್ಕ ಅವನಿಗೆ ತಿಳಿಸಿಕೊಟ್ಟಳು.

ಚಾಲಕ ಏಳು ತಾಸು ನಿದ್ದೆ ಮಾಡಬೇಕು. ದೂರದ ಪಯಣದಲ್ಲಿ ನಡುವೆ ನಿಲ್ಲಿಸಿ ವಿಶ್ರಾಂತಿ ತೆಗೆದುಕೊಳ್ಳಬೇಕು. ತೂಕಡಿಕೆ ಬಂದರೆ ಗಾಳಿಗೆ ಮುಖ ಒಡ್ಡಿದರೆ, ಹಾಡು ಹಾಕಿದರೆ ಸಾಲದು, ಗಾಡಿ ನಿಲ್ಲಿಸಿ ಮಲಗಬೇಕು. ಎಲ್ಲವೂ ನಿಜ. ಒಂದು ಮಾತೂ ಸುಳ್ಳಲ್ಲ. ಸಾಹೇಬರು ಒಳ್ಳೆಯ ಮನುಷ್ಯ, ಓದಿಕೊಂಡವರು. ಅವರು ಹೇಳಿದಂತೆ ನಡೆದರೆ ನಾವ್ಯಾರೂ ರಸ್ತೆಯಲ್ಲಿ ಸಾಯುವುದಿಲ್ಲ. ಪಾಳಿಗೆ ಮುಟ್ಟುವುದೂ ಇಲ್ಲ, ಅಷ್ಟೇ.

ಇಡೀ ಸಭೆಯಲ್ಲಿ ಕೆಮ್ಮದೆ, ಅಲುಗಾಡದೆ, ಮೊದಲ ಸಾಲಿನಲ್ಲಿ ನೆಟ್ಟಗೆ ಕೂತು ಕೇಳಿದವನು ಕಪ್ಪು ಕನ್ನಡಕದ ಚಾಚಾ ಒಬ್ಬನೇ. ಸಾಹೇಬರು ಅವನತ್ತ ಕೈ ತೋರಿಸಿ, "ಈ ಹಿರಿಯರನ್ನು ನೋಡಿ ಕಲಿಯಿರಿ" ಎಂದರು. ಚಪ್ಪಾಳೆ ಹೊಡೆದೆವು. ಚಪ್ಪಾಳೆಗೆ ಚಾಚಾ ಬೆಚ್ಚಿದಂತೆ ನನಗೆ ಕಂಡಿತು, ವಿನಯವಿರಬೇಕು ಎಂದುಕೊಂಡೆ.

ನಾನು ಅಷ್ಟಿಷ್ಟು ಬರೆಯುತ್ತೇನೆಂದು ಗೊತ್ತಿದ್ದ ಸಾಹೇಬರು ಗೇಟಿನ ಗೋಡೆಗೆ ಒಂದು ಘೋಷಣೆ ಬರೆದುಕೊಡಲು ಹೇಳಿದರು. "ನಿದ್ದೆ ಬಂದರೆ ಗಾಡಿ ನಿಲ್ಲಿಸಿ" ಎಂದು ಬರೆದುಕೊಟ್ಟೆ. ಪ್ರಾಸ ಇಲ್ಲವಲ್ಲ ಎಂದು ಅವರಿಗೆ ಬೇಸರ. ಕೊನೆಗೆ ಗೋಡೆಯ ಮೇಲೆ ಮೂಡಿದ್ದು, "ನಿದ್ದೆ ಬಂದರೆ ಗಾಡಿ ನಿಲ್ಲಿಸಿ, ಮನೆಯವರನ್ನು ಸದಾ ನಗಿಸಿ." ಚಾಚಾ ಅದನ್ನು ದಿನಕ್ಕೆ ಹಲವು ಸಲ ದಾಟಿ ಹೋಗುತ್ತಿದ್ದ. ಅವನ ಮನೆಯವರು ಎಷ್ಟು ನಕ್ಕರೋ ತಿಳಿಯದು.

ಉಪನ್ಯಾಸದ ಬೆನ್ನಿಗೇ ಕ್ಯಾಮೆರಾ ಬಂತು. ಚಾಚಾನ ಎದುರಿಗೆ, ಗಾಜಿಗೆ ಅಂಟಿಸಿದರು. ಕಣ್ಣು ಮುಚ್ಚಿದರೆ, ಸ್ಟೀರಿಂಗ್ ಬಿಟ್ಟರೆ ಅದಕ್ಕೆ ತಿಳಿಯುತ್ತದಂತೆ. ಕಪ್ಪು ಕನ್ನಡಕದ ಹಿಂದಿನ ಕಣ್ಣು ಅದಕ್ಕೆ ಕಾಣುತ್ತಿರಲಿಲ್ಲ. ಕೈ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಕೈ ಬಿಟ್ಟ ಕೂಡಲೇ ಒಳಗಿನಿಂದ ಒಬ್ಬ ಹೆಂಗಸು ಅಚ್ಚ ಹಿಂದಿಯಲ್ಲಿ, ದಯವಿಟ್ಟು ಎರಡೂ ಕೈ ಸ್ಟೀರಿಂಗಿನ ಮೇಲಿಡಿ ಎಂದು ಹೇಳುತ್ತಿದ್ದಳು. ಕೈ ಬಿಟ್ಟ ಜಾಗ, ಹೊತ್ತು, ಚಿತ್ರ ಎಲ್ಲ ಸಾಹೇಬರ ಕಂಪ್ಯೂಟರಿಗೆ ಹೋಗುತ್ತಿತ್ತು.

"ಏ ಚಾಚಾ, ನಿನ್ನ ಹೊಸಾ ಬೀಬಿ ಬೈಯಾಕತ್ತಾಳ ನೋಡು," ಅಂದಳು ಅಕ್ಕ.

"ಹಳೀ ಬೀಬಿ ಇಷ್ಟು ನಯವಾಗಿ ಎಂದೂ ಬೈದಿಲ್ಲ ಬೇಟಿ."

ನಗೆ ಬೇಗ ನಿಂತಿತು. ಸಾಹೇಬರು ಕರೆದು ಎಚ್ಚರಿಕೆ ಕೊಟ್ಟರು. ಇನ್ನು ಕೈ ಬಿಟ್ಟದ್ದು ಕಂಡರೆ ಎಚ್ಚರಿಕೆ ಇಲ್ಲ, ಕೀಲಿ ವಾಪಸ್. ಅಂದು ಮಧ್ಯಾಹ್ನ ಗಾಡಿ ಹೊರಡುವ ಮೊದಲು ಚಾಚಾ ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂತಿದ್ದ.

"ಈ ವಯಸ್ಸಿನ್ಯಾಗ ಯಾರು ಗಾಡಿ ಕೊಡತಾರ ನನಗ? ಸ್ಟೀರಿಂಗ್ ಹೋದ್ರ ಮುಗೀತು. ಮನ್ಯಾಗ ಸೊಸಿ ಮೊಮ್ಮಗನ ತೊಟ್ಟಲ ಹಗ್ಗ ಕೈಯಾಗ ಕೊಡತಾಳ. ಎಳಿ ಚಾಚಾ ಎಳಿ. ಅದಕ್ಕ ಗೇರೂ ಇಲ್ಲ, ಹಾರ್ನೂ ಇಲ್ಲ."

"ಹಂಗ ಆಗಾಕ ಬಿಡಾಂಗಿಲ್ಲ," ಅಂದಳು ಅಕ್ಕ. "ನೀ ಸ್ಟೀರಿಂಗ್ ಬಿಡಬ್ಯಾಡ. ನಿನ್ನ ಪಾಲಿಂದೂ ನಾನ ಮುಗಿತೀನಿ."

ಅಂದಿನಿಂದ ವಕಾಲತ್ತು ಶುರುವಾಯಿತು. ಗುಡಿ ಬಂದರೆ ಅಕ್ಕ ಎರಡು ಸಲ ಕೈ ಮುಗಿಯುತ್ತಿದ್ದಳು. "ಇದು ನಂದು. ಇದು ಚಾಚಾಂದು." ದರ್ಗಾ ಬಂದರೆ, "ಇದು ಚಾಚಾಂದು. ಇದು ನಂದು." ಯಾರ ದೇವರೋ ಅವರ ಸರದಿ ಮೊದಲು. ಚಾಚಾ ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು ತಲೆ ಮಾತ್ರ ಬಾಗಿಸುತ್ತಿದ್ದ. ಕ್ಯಾಮೆರಾದ ಹೆಂಗಸು ತೆಪ್ಪಗಿದ್ದಳು. ಕೈಗಳು ಸ್ಟೀರಿಂಗ್ ಬಿಡದೆ ಇಡೀ ದಾರಿ ಸಾಗುವುದನ್ನು ನಾನು ಅದೇ ಮೊದಲು ನೋಡಿದ್ದು. ಸುರಕ್ಷಿತ ಚಾಲನೆ ನಮ್ಮಲ್ಲಿ ಸಾಧ್ಯ, ಪಕ್ಕದಲ್ಲಿ ಒಬ್ಬ ವಕೀಲರಿದ್ದರೆ.

ಆದರೆ ಬೇವಿನ ಗಿಡ ಬರುತ್ತಲೇ ಚಾಚಾನ ಕೈ ಮತ್ತೆ ಗಲ್ಲಕ್ಕೆ ಹೋಯಿತು. ಪಟ್, ಪಟ್. ಯಾ ಮಾಲಿಕ್. ಹೆಂಗಸು ಹಿಂದಿಯಲ್ಲಿ ಬೈದಳು.

"ಚಾಚಾ! ಇದನ್ನೂ ನಾ ಮಾಡತೀನಿ ಅಂದ್ನಲ್ಲ!"

"ಬ್ಯಾಡ ಬೇಟಿ. ಇದು ನಾನ ಮಾಡಬೇಕು. ಒಬ್ಬರದು ಇನ್ನೊಬ್ಬರು ಮಾಡಿದ್ರ ಇದು ನಡ್ಯಾಂಗಿಲ್ಲ."

ದೇವಾಪುರದವನ ಕಣ್ಣಲ್ಲಿ ನೀರು ಬಂತು. ಎಂಥ ಭಕ್ತಿ! ನೌಕರಿ ಹೋಗುತ್ತದೆಂದು ಗೊತ್ತಿದ್ದೂ ಬಿಡುತ್ತಿಲ್ಲ. ಮರುದಿನವೂ ಬಿಡಲಿಲ್ಲ. ಅದರ ಮರುದಿನ ಸಾಹೇಬರಿಂದ ಕರೆ ಬಂತು, ಪಾಳಿ ಮುಗಿಯುವ ಮುಂಚೆ ಬಂದು ಕಾಣಬೇಕು, ಕೀಲಿ ತರಬೇಕು ಎಂದು.

ಚಾಚಾ ಒಬ್ಬನೇ ಹೋಗಬೇಕಿತ್ತು. ಅಕ್ಕ ಬಿಡಲಿಲ್ಲ. ಅವಳು, ದೇವಾಪುರದವನು, ನಾನು ಮೂವರೂ ಹಿಂದೆ ಹೋದೆವು. "ನೀ ಬರೀತೀಯಲ್ಲಣ್ಣಾ, ಪುಸ್ತಕದ ಕನ್ನಡದಾಗ ನಾಕು ಮಾತು ಹೇಳು, ಸಾಹೇಬ್ರಿಗೆ ಅದು ಲಗೂನ ತಿಳೀತದ," ಎಂದು ನನ್ನನ್ನು ಎಳೆದುಕೊಂಡಿದ್ದಳು.

ಸಾಹೇಬರ ಕೋಣೆಯಲ್ಲಿ ಏಸಿ ಇತ್ತು. ಹೊರಗಿನ ಬಿಸಿಲಿನಿಂದ ಹೋದವರಿಗೆ ಅದು ಸ್ವರ್ಗ. ಚಾಚಾನಿಗೆ ಕುರ್ಚಿ ಕೊಟ್ಟರು, ನಾವು ನಿಂತೆವು. ಸಾಹೇಬರು ಕಂಪ್ಯೂಟರ್ ತಿರುಗಿಸಿ ತೋರಿಸಿದರು. ದಿನವೂ ಅದೇ ಜಾಗ, ಎರಡೂ ಕೈ ಗಲ್ಲದ ಮೇಲೆ.

"ಇದು ಏನು?"

ನಾನು ಶುರುಮಾಡಿದೆ. ಶ್ರದ್ಧೆ, ಪರಂಪರೆ, ಎರಡು ಧರ್ಮಗಳ ಸೌಹಾರ್ದ. ಚೆನ್ನಾಗಿಯೇ ಹೇಳಿದೆ. ಹೇಳುವಾಗ ಗಲ್ಲದಪ್ಪನ ಇತಿಹಾಸ ನನ್ನ ಬಾಯಲ್ಲಿ ಒಂದಿಷ್ಟು ಶತಮಾನ ಹಿಂದಕ್ಕೆ ಹೋಯಿತು. ಕುಂಕುಮ, ಹಸಿರು ಬಟ್ಟೆ, ಕಾಯಿ ಎಲ್ಲದಕ್ಕೂ ಅಕ್ಕ ಸಾಕ್ಷಿ ಹೇಳಿದಳು.

ದೇವಾಪುರದವನು ಮುಗಿಸಿದ. "ನೋಡ್ರಿ ಸಾಹೇಬ್ರ, ದೇವರ ವಿಷಯ. ನಾಳೆ ಮಂದಿ ಭಾವನೆಗೆ ಧಕ್ಕಿ ಆದ್ರ ನಾವು ಜವಾಬ್ದಾರಿ ಅಲ್ರಿ."

ಸಾಹೇಬರ ಮುಖದ ಬಣ್ಣ ಬದಲಾಯಿತು. ಬೆಂಕಿ, ವಿದ್ಯುತ್, ಆ್ಯಸಿಡ್ ಎಲ್ಲದರಿಂದ ಕಾಪಾಡಿಕೊಳ್ಳುವ ವಿಧಾನ ಅವರಿಗೆ ಗೊತ್ತಿತ್ತು. ಭಾವನೆಗೆ ಯಾವ ಟೋಪಿ, ಯಾವ ಗ್ಲೌಸು ಎಂದು ಅವರ ಕೋರ್ಸಿನಲ್ಲಿ ಹೇಳಿರಲಿಲ್ಲ.

"ಅಲ್ಲ, ದೇವರ ವಿಷಯ ಅಂದ ಮೇಲೆ ನಾವು ಹೇಗೆ... ಇರಲಿ, ಅವರೇ ಒಂದು ಮಾತು ಹೇಳಿಬಿಡಲಿ. ಅಲ್ಲಿ ದೇವರಿದೆ, ಅದಕ್ಕೇ ಕೈ ಎತ್ತುತ್ತೇನೆ ಅಂತ. ಅಷ್ಟು ಸಾಕು. ಏನು ಚಾಚಾ?"

ಚಾಚಾ ನೆಟ್ಟಗೆ ಕೂತಿದ್ದ, ಕಪ್ಪು ಕನ್ನಡಕದಲ್ಲಿ, ಉಪನ್ಯಾಸ ಕೇಳಿದಂತೆಯೇ.

"ಚಾಚಾ!" ಎಂದು ಸಾಹೇಬರು ಟೇಬಲ್ ಕುಟ್ಟಿದರು.

ಚಾಚಾ ಬೆಚ್ಚಿಬಿದ್ದ. ಎರಡೂ ಕೈ ಮೇಲೆದ್ದವು. ಪಟ್, ಪಟ್. "ಯಾ ಮಾಲಿಕ್!"

ಅಕ್ಕ ಬಗ್ಗಿ ಟೇಬಲ್ಲಿನ ಕೆಳಗೆ ನೋಡಿದಳು.

"ಸಾಹೇಬ್ರ, ನಿಮ್ಮ ಟೇಬಲ್ ಬುಡಕ ಏನರೆ ಕಲ್ಲು ಅದ ಏನ್ರಿ?"

ಚಾಚಾ ಕನ್ನಡಕ ತೆಗೆದ. ಕಣ್ಣು ಕೆಂಪಗಿದ್ದವು. ಮುಖ ಇಷ್ಟು ಮುದಿಯೆಂದು ನಾನು ಗಮನಿಸಿರಲಿಲ್ಲ.

"ಇಲ್ಲ ಬೇಟಿ. ಇಲ್ಲೂ ಕಲ್ಲಿಲ್ಲ, ಅಲ್ಲೂ ದೇವರಿಲ್ಲ. ನಿದ್ದಿ ಅದ. ಆ ಬೇವಿನ ಗಿಡ ಬರೋ ಹೊತ್ತಿಗೆ ಕಣ್ಣು ಎಳೀತಾವ. ಬಡ್ಕೊಂಡ್ರ ಶಹಾಪುರ ತನಕ ಎಚ್ಚರ ಇರತೀನಿ. ಅಲ್ಲಿ ಅರ್ಧಾ ಮಂದಿ ಇಳಿಯೋ ಗದ್ಲದಾಗ ನಿದ್ದಿ ಹಾರತದ."

"ಚಾಚಾ, ಸುಮ್ ಕುಂದ್ರು," ಎಂದು ದೇವಾಪುರದವನು ಪಿಸುಗುಟ್ಟಿದ. "ಗೆದ್ದೀವಿ. ಹೂಂ ಅಂದುಬಿಡು."

"ಏನ್ ಗೆದ್ದೀಯೋ? ನೀವು ಕುಂಕುಮ ಹಚ್ಚಿದ್ರಿ, ಸುಮ್ಮನಿದ್ದೆ. ಬಟ್ಟಿ ಹೊಚ್ಚಿದ್ರಿ, ಸುಮ್ಮನಿದ್ದೆ. ಈಗ ಇಲ್ಲಿ ಕುಂತು ನಾನ ಹೌದು ಅಂದ್ರ? ನೌಕರಿ ಸಲುವಾಗಿ ಸಾಹೇಬ್ರ ಮುಂದ ಬೇಕಾದಷ್ಟು ಸುಳ್ಳು ಹೇಳೀನಿ, ಇನ್ನೂ ಹೇಳತಿದ್ದೆ. ಆ ಮಾಲಿಕನ ಹೆಸರಿನ ಮ್ಯಾಲೆ ಹೇಳಾಂಗಿಲ್ಲ. ತಗೋರಿ ಸಾಹೇಬ್, ಕೀಲಿ."

ಕೀಲಿಯನ್ನು ಟೇಬಲ್ಲಿನ ಮೇಲಿಟ್ಟ. ಈ ಮಾತುಗಳನ್ನು ಅವನು ಇದೇ ಕ್ರಮದಲ್ಲಿ ಹೇಳಿದನೇ? ಇಷ್ಟು ನೆಟ್ಟಗೆ? ನಾನು ಇದನ್ನು ಹೇಳಿದಾಗಲೆಲ್ಲ ಚಾಚಾ ಒಂದಿಷ್ಟು ಎತ್ತರವಾಗುತ್ತಾನೆ. ನಿದ್ದೆಗಣ್ಣಿನಲ್ಲಿ ಬಾಯಿ ತಪ್ಪಿ ಬಂದ ನಿಜವೂ ಇರಬಹುದು ಅದು. ಕೀಲಿ ಇಟ್ಟದ್ದು ಮಾತ್ರ ಖಂಡಿತ. ಅದರ ಗೊಂಚಲಿನಲ್ಲಿ ಮೊಮ್ಮಗನ ಪ್ಲಾಸ್ಟಿಕ್ ಸೀಟಿ ಇತ್ತು.

ಸಾಹೇಬರಿಗೆ ಸಿಟ್ಟು ಬಂತು. "ನಿದ್ದೆ ಯಾಕೆ ಬರುತ್ತೆ? ಬೆಳಿಗ್ಗೆಯಿಂದ ಪಾಳಿ ಬಿಡೋವರೆಗೆ ನಿಮಗೆ ರೆಸ್ಟ್ ಕೊಟ್ಟಿದೆಯಲ್ಲ?"

"ಹೌದ್ರಿ ಸಾಹೇಬ್. ಅದರಾಗ ನಿಮ್ಮ ರೈಲು ಬರತದ."

ಸಾಹೇಬರು ಕಂಪ್ಯೂಟರಿನ ಪರದೆಯನ್ನು ಮೆಲ್ಲಗೆ ತಮ್ಮ ಕಡೆಗೆ ತಿರುಗಿಸಿಕೊಂಡರು. ಡ್ರೈವರ್ ನಿದ್ದೆಗೆಟ್ಟು ಗಾಡಿ ಓಡಿಸಿದ ಎಂದು ಮೇಲಕ್ಕೆ ತಿಳಿಸಿದರೆ, ಯಾಕೆ ನಿದ್ದೆಗೆಟ್ಟ ಎಂದು ಮೇಲಿನಿಂದ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಯ ಉತ್ತರದಲ್ಲಿ ಸ್ಟೇಷನ್ ಇದೆ, ಅವರ ರೈಲೂ ಇದೆ. ಕೊನೆಗೆ ಅವರು ಬಹಳ ಮೃದುವಾಗಿ ಹೇಳಿದರು:

"ಅದು ದೇವರೇ ಇರಬೇಕು ಚಾಚಾ. ಸರಿಯಾಗಿ ನೆನಪು ಮಾಡಿಕೊಳ್ಳಿ."

"ಇಲ್ರಿ ಸಾಹೇಬ್. ನಿದ್ದಿ."

"ಇಷ್ಟು ಜನ ಸಾಕ್ಷಿ ಹೇಳುತ್ತಿದ್ದಾರೆ. ಕಾಯಿ ಒಡೆದಿದ್ದಾರೆ."

"ಮಂದಿ ಕಾಯಿ ಒಡೆದ್ರ ನನ್ನ ನಿದ್ದಿ ದೇವರಾಗತದೇನ್ರಿ?"

ಓದಿದ ಎಂಜಿನಿಯರೊಬ್ಬರು ದೇವರಿದ್ದಾನೆಂದು ವಾದಿಸುವುದನ್ನೂ, ಐದು ಹೊತ್ತು ನಮಾಜು ಮಾಡುವ ಮುದುಕ ಇಲ್ಲ ಎನ್ನುವುದನ್ನೂ ನಾನು ಅದೊಂದೇ ಸಲ ಕೇಳಿದ್ದು. ಎಷ್ಟು ಹೊತ್ತು ನಡೆಯುತ್ತಿತ್ತೋ. ಅಕ್ಕ ನಡುವೆ ಬಂದಳು.

"ನಿಂದ್ರಿರಿ. ಸಾಹೇಬ್ರಿಗೆ ದೇವರು ಬೇಕು. ಚಾಚಾಗ ನಿದ್ದಿ ಬೇಕು. ನಮಗ ಜೀವಂತ ಮನಿ ಮುಟ್ಟಬೇಕು. ಅಲ್ಲಿ ಗಾಡಿ ನಿಂದ್ರಸಾಕ ಪರವಾನಗಿ ಕೊಡ್ರಿ. ಪೂಜಿ ಅನ್ರಿ. ನಾವು ಪೂಜಿ ಮಾಡತೀವಿ, ಅವ ಮಕ್ಕೋತಾನ."

"ಅದೂ ಸುಳ್ಳ ಅಲ್ಲೇನು?" ಅಂದ ಚಾಚಾ.

"ನೀ ಏನೂ ಹೇಳಬ್ಯಾಡ. ಕಲ್ಲಿನ ಕಡೆ ನೋಡಲೂಬ್ಯಾಡ. ಕೀಲಿ ತಿರುವಿ ಕಣ್ಣು ಮುಚ್ಚು. ಸುಳ್ಳು ನಮ್ಮ ಪಾಲಿಗಿರಲಿ. ನಿನ್ನ ಕೈ ನಾ ಮುಗದೀನಿ, ನಿನ್ನ ಪಾಪ ಹೊರಾಕ ಆಗಾಂಗಿಲ್ಲೇನು?"

ಸಾಹೇಬರು ಕೀಲಿಯನ್ನು ಒಂದು ಬೆರಳಿನಿಂದ ಚಾಚಾನ ಕಡೆಗೆ ಸರಿಸಿದರು. ಧಾರ್ಮಿಕ ಕಾರಣಕ್ಕೆ ಸ್ವಲ್ಪ ಹೊತ್ತು ನಿಲ್ಲಿಸಲು ಅಡ್ಡಿಯಿಲ್ಲ, ನಿಲ್ಲಿಸಿದಾಗ ಕೈ ಎಲ್ಲಿದ್ದರೂ ಕ್ಯಾಮೆರಾ ಕೇಳುವುದಿಲ್ಲ ಎಂದರು. ನಾವು ಬಾಗಿಲು ದಾಟುವಾಗ ಹಿಂದಿನಿಂದ, "ನಾಳೆ ರೈಲು ಸ್ವಲ್ಪ ಬೇಗ ಬರುತ್ತೆ ಚಾಚಾ" ಎಂದರು.

ಆ ಮಧ್ಯಾಹ್ನ ಕ್ರೂಸರಿನಲ್ಲಿ ಮೊದಲ ಬಾರಿ ಯಾರೂ ಮಲಗಲಿಲ್ಲ. ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಇಷ್ಟು ದಿನ ನಿದ್ದೆ ಮಾಡುವ ಡ್ರೈವರಿನ ಹಿಂದೆ ತಾವೂ ನಿದ್ದೆ ಮಾಡುತ್ತ ಬಂದದ್ದು ತಿಳಿದು, ಹಿಂದಿನ ಸೀಟುಗಳಲ್ಲಿ ಎಲ್ಲರೂ ಕಣ್ಣು ಬಿಟ್ಟುಕೊಂಡು ಚಾಚಾನ ಕತ್ತನ್ನೇ ನೋಡುತ್ತಿದ್ದರು. ಅಕ್ಕ ಎಡಬಿಡದೆ ಮಾತಾಡಿದಳು. ಗಂಡ ತನ್ನನ್ನು ವನದುರ್ಗದಿಂದ ಶಹಾಪುರಕ್ಕೆ ಬೈಕಿನ ಮೇಲೆ ತಂದು ಬಿಡುವಾಗ ಹೇಗೆ ಹೆಲ್ಮೆಟ್ಟನ್ನು ಮೊಣಕೈಗೆ ಹಾಕಿಕೊಳ್ಳುತ್ತಾನೆ, ಬಿದ್ದರೆ ಮೊಣಕೈ ಒಂದಾದರೂ ಉಳಿಯುತ್ತದೆ ಎಂದು. ಭೀಮಾ ದಾಟಿದೆವು. ಅಕ್ಕ ಎರಡು ಸಲ ಕೈ ಮುಗಿದಳು.

ಬೇವಿನ ಗಿಡದ ಹತ್ತಿರ ಚಾಚಾ ಇಂಡಿಕೇಟರ್ ಹಾಕಿದ. ರಸ್ತೆ ಬಿಟ್ಟು ಗಾಡಿಯನ್ನು ಪೂರ್ತಿ ಕೆಳಗೆ ಇಳಿಸಿದ. ಹ್ಯಾಂಡ್ ಬ್ರೇಕ್ ಎಳೆದು ಕೀಲಿ ತಿರುವಿದ. ಕ್ಯಾಮೆರಾದ ಕೆಂಪು ದೀಪ ಆರಿತು. ಇಡೀ ಕಂಪನಿಯಲ್ಲಿ ಅವನ ಜೊತೆ ಮಲಗಿದ್ದು ಅದೊಂದೇ. ನಾವೆಲ್ಲ ಇಳಿದೆವು. ಚಾಚಾ ಕಲ್ಲಿನ ಕಡೆ ನೋಡಲಿಲ್ಲ. ಕನ್ನಡಕವನ್ನು ಜೇಬಿಗಿಟ್ಟು ಸೀಟು ಹಿಂದಕ್ಕೆ ಒರಗಿಸಿದ.

ನಾನು ಗೋಡೆಗೆ ಬರೆದುಕೊಟ್ಟದ್ದು ಕೊನೆಗೂ ಜಾರಿಗೆ ಬಂತು. ಅದಕ್ಕೆ ಒಂದು ದೇವರು ಬೇಕಾಯಿತು, ಅಷ್ಟೇ.

ಗಿಡದ ನೆರಳಿನಲ್ಲಿ ಕೂತೆವು. ಸುತ್ತ ಬಿಡಿಸಿ ಮುಗಿದ ಹತ್ತಿಯ ಹೊಲ. ಈಗ ಎಲ್ಲರಿಗೂ ಗೊತ್ತಿತ್ತು, ಅದು ಬರೀ ಕಲ್ಲು. ಆದರೂ ದೇವಾಪುರದವನು ಜೇಬಿನಿಂದ ಊದುಬತ್ತಿ ತೆಗೆದು ಹಚ್ಚಿದ.

"ಇನ್ನೂ ಹಚ್ಚತೀಯಲ್ಲೋ, ನಾಚಿಕಿಲ್ಲೇನು?" ಅಂದಳು ಅಕ್ಕ.

"ಇಷ್ಟು ದಿನ ನಾವು ಸತ್ತಿಲ್ಲಲ್ಲ ಅಕ್ಕಾ. ಯಾರು ಕಾದಾರ ಹಂಗಾದ್ರ?"

ಅಕ್ಕ ಸೆರಗು ಅಡ್ಡ ಹಿಡಿದು ಊದುಬತ್ತಿ ಗಾಳಿಗೆ ಆರದಂತೆ ನೋಡಿಕೊಂಡಳು.

ಊದುಬತ್ತಿ ಉರಿದು ಮುಗಿಯಿತು. ಸುರಪುರದ ಕಡೆಯವರು ಮನೆ ಮುಟ್ಟುವುದು ತಡವಾಗುತ್ತಿತ್ತು. ಒಬ್ಬರು ಗಾಡಿಯತ್ತ ನೋಡಿದರು, ಇನ್ನೊಬ್ಬರು ಮೊಬೈಲ್ ನೋಡಿದರು. ಎಬ್ಬಿಸೋಣ ಎಂದು ಯಾರೂ ಬಾಯಿ ಬಿಡಲಿಲ್ಲ. ಹಿಂದೆ ಒಂದು ಟಂಟಂ ಬಂದು ನಿಂತಿತು. ಇಷ್ಟು ಜನ ಕೂತಿರುವುದನ್ನು ನೋಡಿ ಅದರ ಡ್ರೈವರ್ ಚಪ್ಪಲಿ ಬಿಟ್ಟು ಕೆಳಗಿಳಿದ.

"ಏನ್ರಿ, ಪೂಜಿ ನಡದದೇನು?"

ದೇವಾಪುರದವನು ತುದಿಗಾಲಿನಲ್ಲಿ ಹೋಗಿ ಕ್ರೂಸರಿನ ಕಿಟಕಿಯಲ್ಲಿ ಇಣುಕಿ ಬಂದ. ಗೊರಕೆ ಇಲ್ಲಿಯವರೆಗೆ ಕೇಳುತ್ತಿತ್ತು.

"ನಡದದ," ಅಂದ. "ಸಾವಕಾಶ ಮಾತಾಡು. ಇನ್ನೂ ಮಂಗಳಾರತಿ ಆಗಿಲ್ಲ."

ಚಾಚಾ ತಾನಾಗಿಯೇ ಎದ್ದ. ಒಳಗೆ ಅವನ ಎರಡೂ ಕೈ ಗಲ್ಲದ ಕಡೆಗೆ ಏಳುವುದು ಕಂಡಿತು. ಅರ್ಧಕ್ಕೆ ನಿಂತವು. ಆಮೇಲೆ ಜೇಬಿಗೆ ಇಳಿದು ಕನ್ನಡಕ ತೆಗೆದವು. ನಾವು ಹತ್ತಿ ಕೂತೆವು. ಅಕ್ಕ ಬೆಲ್ಟ್ ಎಳೆದುಕೊಂಡಳು. ಚಾಚಾ ಕೀಲಿ ತಿರುವಿದ್ದೇ ಕ್ಯಾಮೆರಾದ ಹೆಂಗಸು ಹಿಂದಿಯಲ್ಲಿ ನಮಸ್ಕಾರ ಹೇಳಿದಳು.

"ನೋಡು," ಅಂದಳು ಅಕ್ಕ, "ಅಕೀನೂ ಎದ್ದಳು."